ಬಾಡಿಗೆ ವಿಮಾನ, ಯಾರ ವಿಮೆ?



ನಾನು ಬೆಳೆದದ್ದು ತಿಪಟೂರಿನಲ್ಲಿ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಸೈಕಲ್ ಶಾಪ್ ಇತ್ತು. ಗಂಟೆಗೆ ನಾಲ್ಕಾಣೆ ಬಾಡಿಗೆ. ಅಂಗಡಿಯ ಸಾಹೇಬರು ಉದ್ದನೆಯ ಪುಸ್ತಕದಲ್ಲಿ ಹುಡುಗನ ಹೆಸರು, ಅವನ ಅಪ್ಪನ ಹೆಸರು, ಹೊರಟ ಸಮಯ ಇಷ್ಟನ್ನು ಬರೆದುಕೊಂಡು ಸೈಕಲ್ ಕೊಡುತ್ತಿದ್ದರು. ಓಡಿಸುವವನು ನಾನು, ಅಪ್ಪನ ಹೆಸರು ಇವರಿಗೆ ಯಾಕೆ ಎಂದು ನನಗೆ ಹೊಳೆಯುತ್ತಿರಲಿಲ್ಲ. ಹೊಳೆದದ್ದು ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದನ್ನು ಮರೆತು, ಮುಂದಿನ ಚಕ್ರದ ರಿಮ್ಮನ್ನು ಸೊಟ್ಟ ಮಾಡಿಕೊಂಡು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದ ದಿನ. ಸಾಹೇಬರು ಬೈಯಲಿಲ್ಲ. ಪುಸ್ತಕ ತೆರೆದು ಅಪ್ಪನ ಹೆಸರಿನ ಮೇಲೆ ಬೆರಳಿಟ್ಟರು, ಅಷ್ಟೆ.

ಮೂವತ್ತು ವರ್ಷದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಊರಿನ ಹತ್ತಿರದ ಒಂದು ಚಿಕ್ಕ ವಿಮಾನ ನಿಲ್ದಾಣದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ನಾನು ಇಂಥದೇ ಇನ್ನೊಂದು ಪುಸ್ತಕಕ್ಕೆ ರುಜು ಹಾಕಿದೆ. ಈ ಸಲ ಬಾಡಿಗೆಗೆ ಪಡೆದದ್ದು ವಿಮಾನ. ನಾಲ್ಕು ಸೀಟಿನ ಸೆಸ್ನಾ 172. 1956ರಿಂದ ಮಾರಾಟಕ್ಕೆ ಬಂದು, 44 ಸಾವಿರಕ್ಕೂ ಮಿಕ್ಕಿ ತಯಾರಾಗಿರುವ, ಚಿಕ್ಕ ವಿಮಾನಗಳ ಲೋಕದ ಅಂಬಾಸಿಡರ್ ಕಾರು ಎನ್ನಬಹುದಾದ ವಿಮಾನ. ಈಗ ನಾನು ಕೊಡುವ ಬಾಡಿಗೆ ಪೆಟ್ರೋಲ್ ಸೇರಿ ಗಂಟೆಗೆ ಸುಮಾರು 200 ಡಾಲರ್. ಆಟೋದಲ್ಲಿ ಇರುವ ಹಾಗೆ ಇದರಲ್ಲೂ ಮೀಟರ್ ಇದೆ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಅದು ಓಡುತ್ತದೆ. ರನ್‌ವೇ ಪಕ್ಕದಲ್ಲಿ ಸರದಿಗಾಗಿ ಕಾಯುತ್ತಿದ್ದರೂ ಓಡುತ್ತದೆ.

ಮೊದಲ ಸಲ ಹೆಂಡತಿಯನ್ನು ಕೂರಿಸಿಕೊಂಡು ಹೋಗಬೇಕೆಂದಿದ್ದ ಹಿಂದಿನ ರಾತ್ರಿ ಅವಳು ಕೇಳಿದಳು:

"ಏನ್ರೀ, ಆ ವಿಮಾನಕ್ಕೆ ಇನ್ಶೂರೆನ್ಸ್ ಇದೆಯಾ?"

"ಇದೆ ಕಣೇ. ಕ್ಲಬ್ಬಿನವರು ಮಾಡಿಸಿರ್ತಾರೆ."

"ಮಾಡಿಸಿರ್ತಾರೆ, ಸರಿ. ಯಾರಿಗೆ?"

ಮೈಸೂರಿನ ಒಂದು ಬ್ಯಾಂಕಿನಲ್ಲಿ ಹನ್ನೊಂದು ವರ್ಷ ಸಾಲದ ಕಾಗದ ಪತ್ರ ನೋಡಿದವಳು ಅವಳು. 'ಇದೆಯಾ' ಎಂದು ಎಲ್ಲರೂ ಕೇಳುತ್ತಾರೆ. 'ಯಾರಿಗೆ' ಎಂದು ಕೇಳುವವರು ಕಡಿಮೆ. ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರವಾಸ ಎರಡು ವಾರ ಮುಂದಕ್ಕೆ ಹೋಯಿತು. ಆ ಎರಡು ವಾರದಲ್ಲಿ ಮತ್ತು ಅನಂತರದ ವರ್ಷಗಳಲ್ಲಿ ನಾನು ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಅಮೆರಿಕದಲ್ಲಿರುವ ಮಕ್ಕಳೋ ಅಳಿಯಂದಿರೋ "ಅಪ್ಪಾ, ಈ ಭಾನುವಾರ ನಿಮ್ಮನ್ನು ವಿಮಾನದಲ್ಲಿ ಸುತ್ತಾಡಿಸ್ತೀನಿ" ಎಂದು ಕರೆಯುವ ಕಾಲ ಇದು. ಕರೆಸಿಕೊಳ್ಳುವವರಿಗೂ ಇದು ತಿಳಿದಿರಲಿ.

ಬಾಡಿಗೆ ವಿಮಾನಕ್ಕೆ ಮಾಲೀಕರು ಮಾಡಿಸುವ ವಿಮೆಯಲ್ಲಿ ಎರಡು ಭಾಗ. ಒಂದು ವಿಮಾನದ ಒಡಲಿಗೆ: ರೆಕ್ಕೆ, ಬಾಲ, ಎಂಜಿನ್ ಹಾಳಾದರೆ ಅದರ ಬೆಲೆ. ಇನ್ನೊಂದು ಹೊಣೆಗೆ: ವಿಮಾನದಿಂದ ಯಾರಿಗಾದರೂ ಗಾಯವಾದರೆ, ಯಾರದಾದರೂ ಸೊತ್ತು ನಷ್ಟವಾದರೆ ಕೊಡಬೇಕಾದ ಪರಿಹಾರ. ಎರಡೂ ಇವೆ. ಎರಡೂ ಮಾಲೀಕರ ಹೆಸರಿನಲ್ಲಿವೆ. ಹಾರಿಸುವ ನಾನು ಆ ಕಾಗದದಲ್ಲಿ ಎಲ್ಲಿಯೂ ಇಲ್ಲದಿರಬಹುದು, ಅಥವಾ ಹೊಣೆಯ ಭಾಗದಲ್ಲಿ ಮಾತ್ರ ಒಂದು ಮೂಲೆಯಲ್ಲಿ ಇರಬಹುದು. ಸದಸ್ಯರೇ ಪಾಲುದಾರರಾಗಿ ಕಟ್ಟಿಕೊಂಡ ಕ್ಲಬ್ಬುಗಳಲ್ಲಿ ಸದಸ್ಯರನ್ನೂ ವಿಮೆಗೆ ಸೇರಿಸುವುದುಂಟು. ಆದರೆ ದುಡ್ಡು ಕೊಟ್ಟು ಬಾಡಿಗೆಗೆ ಪಡೆಯುವ ಕಡೆ ಹಾಗೆ ಅಂದುಕೊಳ್ಳುವಂತಿಲ್ಲ.

ಅಂದುಕೊಂಡರೆ ಏನಾಗುತ್ತದೆ? ನನ್ನ ಗೆಳೆಯರೊಬ್ಬರ ಕಥೆ ಹೇಳುತ್ತೇನೆ. ಒಳ್ಳೆಯ ಪೈಲಟ್, ಜಾಗರೂಕ ಮನುಷ್ಯ. ಒಂದು ಸಂಜೆ ಪಕ್ಕದಿಂದ ಬೀಸುವ ಗಾಳಿಯಲ್ಲಿ ಇಳಿಸುವಾಗ ವಿಮಾನ ಚೆಂಡಿನ ಹಾಗೆ ಪುಟಿಯಿತು. ಎರಡನೆಯ ಪುಟಿತಕ್ಕೆ ಮೂಗಿನ ಚಕ್ರ ಮೊದಲು ತಾಗಿ ಪ್ರೊಪೆಲ್ಲರಿನ ತುದಿ ರನ್‌ವೇಗೆ ಉಜ್ಜಿತು. ಯಾರಿಗೂ ಏನೂ ಆಗಲಿಲ್ಲ. ತಾವೇ ಬಾಗಿಲು ತೆಗೆದು ಇಳಿದು ಬಂದರು. ನೋಡುವವರಿಗೆ ಪ್ರೊಪೆಲ್ಲರಿನ ತುದಿ ಸ್ವಲ್ಪ ಬಾಗಿದ ಹಾಗಿತ್ತು, ಅಷ್ಟೆ. ಆದರೆ ತಿರುಗುತ್ತಿರುವ ಪ್ರೊಪೆಲ್ಲರ್ ನೆಲಕ್ಕೆ ತಾಗಿತೆಂದರೆ ಆ ಏಟು ಒಳಗಿನ ಕ್ರ್ಯಾಂಕ್‌ಶಾಫ್ಟಿನವರೆಗೂ ಹೋಗುತ್ತದೆ. ಹೊರಗಿನಿಂದ ಕಾಣದ ಬಿರುಕು ಮುಂದೊಂದು ದಿನ ಮೂರು ಸಾವಿರ ಅಡಿ ಎತ್ತರದಲ್ಲಿ ಬಾಯಿ ಬಿಡಬಹುದು. ಹಾಗಾಗಿ ಈ ವಿಮಾನಗಳ ಎಂಜಿನ್ ಮಾಡುವ ಲೈಕಮಿಂಗ್ ಕಂಪನಿ ಇಂಥ ಸಂದರ್ಭದಲ್ಲಿ ಎಂಜಿನ್ನನ್ನು ಬಿಚ್ಚಿ ಪರೀಕ್ಷಿಸಬೇಕೆಂದು ಹೇಳುತ್ತದೆ. ಬಿಚ್ಚುವುದು, ನೋಡುವುದು, ಜೋಡಿಸುವುದು, ಹೊಸ ಪ್ರೊಪೆಲ್ಲರ್, ಬಾಗಿದ ಮೂಗಿನ ಚಕ್ರ, ಅದರ ಹಿಂದಿನ ತಗಡಿನ ಗೋಡೆ, ಎಲ್ಲ ಸೇರಿ ಐವತ್ತು ಸಾವಿರ ಡಾಲರಿನ ಆಸುಪಾಸು ಬಿಲ್ಲು.

ಕ್ಲಬ್ಬಿನ ವಿಮಾ ಕಂಪನಿ ಆ ಹಣವನ್ನು ಕ್ಲಬ್ಬಿಗೆ ಸಲೀಸಾಗಿ ಕೊಟ್ಟಿತು. ಗೆಳೆಯರು ನಿಟ್ಟುಸಿರು ಬಿಟ್ಟರು. ಎಂಟು ತಿಂಗಳಾದ ಮೇಲೆ ಅವರ ಮನೆಗೆ ವಕೀಲರ ಕಾಗದ ಬಂತು. ಕಳಿಸಿದ್ದು ಅದೇ ವಿಮಾ ಕಂಪನಿ. ಕೊಟ್ಟ ದುಡ್ಡನ್ನು ತಪ್ಪು ಮಾಡಿದವರಿಂದ ವಸೂಲು ಮಾಡುತ್ತೇವೆ, ಆ ತಪ್ಪು ಮಾಡಿದವರು ನೀವು ಎಂಬುದು ಕಾಗದದ ಸಾರ.

ಇದಕ್ಕೆ ಸಬ್ರೊಗೇಷನ್ ಎಂದು ಹೆಸರು. ಹೆಸರು ದೊಡ್ಡದು, ಸಂಗತಿ ಸರಳ. ನಷ್ಟ ತುಂಬಿಕೊಟ್ಟ ವಿಮಾ ಕಂಪನಿ ಮಾಲೀಕನ ಜಾಗದಲ್ಲಿ ಬಂದು ನಿಲ್ಲುತ್ತದೆ. ಮಾಲೀಕ ಯಾರ ಮೇಲೆ ದಾವೆ ಹೂಡಬಹುದಿತ್ತೋ ಅವರ ಮೇಲೆ ತಾನೇ ಹೂಡುತ್ತದೆ. ನಮ್ಮ ದೇಶದ ಕಾನೂನಿನಲ್ಲೂ ಈ ತತ್ವ ಇದೆ. ಸೈಕಲ್ ಶಾಪಿನ ಸಾಹೇಬರಿಗೆ ವಿಮೆ ಇದ್ದಿದ್ದರೆ, ವಿಮಾ ಕಂಪನಿಯ ಗುಮಾಸ್ತನೇ ಬಂದು ಅಪ್ಪನ ಹೆಸರಿನ ಮೇಲೆ ಬೆರಳಿಡುತ್ತಿದ್ದ.

ಬಾಡಿಗೆಗೆ ಪಡೆದವನ ಹೊಣೆ ಎಲ್ಲಿಯವರೆಗೆ? ನಮ್ಮಲ್ಲಿ 1872ರ ಕರಾರು ಕಾಯ್ದೆ ಇದಕ್ಕೊಂದು ಹದವಾದ ಅಳತೆ ಇಟ್ಟಿದೆ. ಬೇರೆಯವರ ವಸ್ತು ನಮ್ಮ ಕೈಯಲ್ಲಿದ್ದಾಗ, ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕು ಎನ್ನುತ್ತದೆ ಕಲಂ 151. ಅಷ್ಟು ಮಾಡಿಯೂ ಹಾಳಾದರೆ ಹೊಣೆ ಇಲ್ಲ ಎನ್ನುತ್ತದೆ ಕಲಂ 152. ಆದರೆ ಆ 152ರಲ್ಲೇ ಒಂದು ಸಣ್ಣ ಬಾಲ ಇದೆ: ವಿಶೇಷ ಕರಾರು ಇಲ್ಲದಿದ್ದರೆ. ಎಲ್ಲ ಇರುವುದು ಆ ಬಾಲದಲ್ಲೇ. ಅಮೆರಿಕದಲ್ಲಾಗಲಿ ಇಲ್ಲಾಗಲಿ, ಬಾಡಿಗೆಗೆ ಕೊಡುವವರು ಮುಂದಿಡುವ ಕಾಗದವೇ ಆ ವಿಶೇಷ ಕರಾರು. ನಾನು ರುಜು ಹಾಕಿದ ಕಾಗದದಲ್ಲಿ, ವಿಮಾನ ನನ್ನ ಸುಪರ್ದಿನಲ್ಲಿ ಇರುವಷ್ಟು ಹೊತ್ತು ಏನೇ ಆದರೂ, ತಪ್ಪು ಯಾರದೇ ಆಗಲಿ, ನಷ್ಟ ನನ್ನದು ಎಂದಿತ್ತು. ಆರು ಪುಟದಲ್ಲಿ ನಾಲ್ಕನೆಯದು. ನಾನು ಓದಿದ್ದು ಒಂದನೆಯದು ಮತ್ತು ರುಜುವಿನ ಪುಟ.

ಇದಕ್ಕೆ ಮದ್ದು ಇದೆ. ಬಾಡಿಗೆಗೆ ಹಾರಿಸುವವರಿಗೇ ಬೇರೆ ವಿಮೆ ಸಿಗುತ್ತದೆ; ನಮ್ಮದಲ್ಲದ ವಿಮಾನದ ವಿಮೆ ಎಂದು ಅದಕ್ಕೆ ಹೇಳುತ್ತಾರೆ. ಎಷ್ಟು ಮೊತ್ತ ಬೇಕೆಂದು ಆರಿಸಿಕೊಳ್ಳುವುದರ ಮೇಲೆ ವರ್ಷಕ್ಕೆ ಕೆಲವು ನೂರು ಡಾಲರ್ ಪ್ರೀಮಿಯಂ. ಹಾರಾಟದ ಮೂರು ನಾಲ್ಕು ಗಂಟೆಯ ಬಾಡಿಗೆಯಷ್ಟು. ನನ್ನ ಅನುಭವದಲ್ಲಿ, ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್ಟಿಗೆ ಸಾವಿರ ಡಾಲರ್ ಕೊಟ್ಟವರೂ ಇದಕ್ಕೆ ಮೂಗು ಮುರಿಯುತ್ತಾರೆ. ಆ ಗೆಳೆಯರೂ ಹಾಗೇ ಮುರಿದವರು.

ಈಗ ಹೊಣೆಯ ಭಾಗಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮನೆ ಮುರಿಯುವುದು ಇಲ್ಲಿ. ತಗಡು ಮುರಿದರೆ ಸಾವಿರದ ಲೆಕ್ಕ, ಜೀವ ಹೋದರೆ ಲಕ್ಷದ ಲೆಕ್ಕ.

ನಮ್ಮಲ್ಲಿ ರಸ್ತೆಗಿಳಿಯುವ ಸ್ಕೂಟರಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಮೆರಿಕದಲ್ಲಿ ಖಾಸಗಿಯಾಗಿ ಹಾರುವ ಚಿಕ್ಕ ವಿಮಾನಕ್ಕೆ ಕೇಂದ್ರ ಸರ್ಕಾರದ ಅಂಥ ಕಟ್ಟಳೆ ಇಲ್ಲ. ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ. ಯೂರೋಪಿನವರು ಇದರಲ್ಲಿ ಬಿಗಿ. ಅಲ್ಲಿಯ 2004ರ ನಿಯಮ ವಿಮಾನವನ್ನು ತಕ್ಕಡಿಯಲ್ಲಿ ತೂಗಿ ವಿಮೆ ಎಷ್ಟಿರಬೇಕೆಂದು ಹೇಳುತ್ತದೆ. 500 ಕಿಲೋ ಒಳಗಿದ್ದರೆ ಇಷ್ಟು, 1,000 ಕಿಲೋ ಒಳಗಿದ್ದರೆ ಇಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ. ತುಂಬಿದ ಸೆಸ್ನಾ 172 ಸಾವಿರ ಕಿಲೋ ದಾಟುತ್ತದೆ, ಹಾಗಾಗಿ 2,700 ಕಿಲೋ ಒಳಗಿನ ಮೆಟ್ಟಿಲಿಗೆ ಬೀಳುತ್ತದೆ. ನೆಲದ ಮೇಲಿನವರ ಸಲುವಾಗಿ ಅದಕ್ಕೆ 30 ಲಕ್ಷ ಎಸ್‌ಡಿಆರ್ ವಿಮೆ ಇರಬೇಕು. ಎಸ್‌ಡಿಆರ್ ಎಂದರೆ ಐಎಂಎಫ್‌ನ ಲೆಕ್ಕದ ನಾಣ್ಯ, ಡಾಲರಿಗಿಂತ ಬೆಲೆ ಹೆಚ್ಚು. ಮೂಟೆ ತೂಗಿ ಸುಂಕ ಹಾಕುವ ಹಳೆಯ ಸಂತೆಯ ಕ್ರಮ ನೆನಪಾಗುತ್ತದೆ, ಆದರೆ ನ್ಯಾಯ ಇದೆ: ಬೀಳುವ ವಸ್ತು ಭಾರವಾದಷ್ಟೂ ಕೆಳಗಿನವನಿಗೆ ಕಷ್ಟ.

ಅಮೆರಿಕದ ಪಾಲಿಸಿಯ ಮೇಲ್ಪುಟದಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ ಹತ್ತು ಲಕ್ಷ ಡಾಲರ್. ನೋಡಿದವರಿಗೆ ಧೈರ್ಯ ಬರುತ್ತದೆ. ಅದರ ಕೆಳಗಿನ ಸಾಲಿನಲ್ಲಿ, ಪ್ರತಿ ಪ್ರಯಾಣಿಕನಿಗೆ ಒಂದು ಲಕ್ಷ ಎಂದು ಇರುತ್ತದೆ. ಅಂದರೆ ವಿಮಾನ ಯಾರದೋ ಮನೆಯ ಮೇಲೆ ಬಿದ್ದರೆ ಆ ಮನೆಯವರಿಗೆ ಹತ್ತು ಲಕ್ಷದವರೆಗೂ ವಿಮೆ ನಿಲ್ಲುತ್ತದೆ. ನನ್ನ ಪಕ್ಕದ ಸೀಟಿನಲ್ಲಿ ಕೂತವರಿಗೆ ಒಂದು ಲಕ್ಷಕ್ಕೆ ಕೈ ತೊಳೆದುಕೊಳ್ಳುತ್ತದೆ. ಬಾಡಿಗೆದಾರರ ಪಾಲಿಸಿಯಲ್ಲಿ ಅದಕ್ಕಿಂತ ಕಡಿಮೆ ಇರುವುದೂ ಉಂಟು. ಕೆಲವದರಲ್ಲಿ ಸ್ವಂತ ಮನೆಯವರಿಗೆ ಇನ್ನೂ ಕಡಿಮೆ. ಇನ್ನು ಕೆಲವದರಲ್ಲಿ 'ಪ್ರತಿ ಪ್ರಯಾಣಿಕನಿಗೆ' ಎನ್ನುವ ಬದಲು 'ಪ್ರತಿ ವ್ಯಕ್ತಿಗೆ' ಎಂದು ಒಂದೇ ಪದ ಬದಲಾಗಿರುತ್ತದೆ. ಆ ಒಂದು ಪದದಿಂದ ನೆಲದ ಮೇಲಿನವನೂ ಲಕ್ಷದ ಮಿತಿಯೊಳಗೆ ಬಂದುಬಿಡುತ್ತಾನೆ. ನನ್ನ ಹೆಂಡತಿ ಈ ಸಾಲನ್ನು ಎರಡು ಸಲ ಓದಿ, "ನನಗಿಂತ ಕೆಳಗಿನ ಮನೆಯವರ ನಾಯಿಗೇ ಬೆಲೆ ಜಾಸ್ತಿ ಅಂತಾಯ್ತು" ಎಂದಳು. ನಾಯಿಯ ಮಾತು ಅವಳೇ ಸೇರಿಸಿದ್ದು, ಲೆಕ್ಕ ಮಾತ್ರ ಸರಿಯೇ.

ಒಂದು ಲಕ್ಷ ಡಾಲರ್ ಕಡಿಮೆಯೇ ಎಂದು ನೀವು ಕೇಳಬಹುದು. ಚಿಕ್ಕ ಮಕ್ಕಳಿರುವ, ಕೆಲಸದಲ್ಲಿರುವ ಮನುಷ್ಯ ಅಪಘಾತದಲ್ಲಿ ಸತ್ತರೆ ಅಲ್ಲಿಯ ನ್ಯಾಯಾಲಯಗಳು ಅವನ ಮುಂದಿನ ಇಪ್ಪತ್ತು ಮೂವತ್ತು ವರ್ಷದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಲಕ್ಷ ಅಲ್ಲಿ ವಕೀಲರ ಫೀಸಿಗೂ ಸಾಲದೆ ಹೋಗಬಹುದು. ಉಳಿದದ್ದನ್ನು ಪೈಲಟ್ ಕೊಡಬೇಕು. ಪೈಲಟ್ಟೂ ಬದುಕಿಲ್ಲದಿದ್ದರೆ? ಆಗ ಅವನು ಬಿಟ್ಟುಹೋದ ಆಸ್ತಿಯ ಮೇಲೆ ದಾವೆ. ಹಾಗೆಂದರೆ ಅವನ ಹೆಂಡತಿ ಇರುವ ಮನೆ, ಮಕ್ಕಳ ಓದಿಗೆ ಕೂಡಿಟ್ಟ ಹಣ. ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರು, ಹೋದ ತಿಂಗಳು ಒಂದೇ ಸಂಕ್ರಾಂತಿ ಕೂಟದಲ್ಲಿ ಎಳ್ಳು ಬೀರಿದವರು, ಈಗ ನ್ಯಾಯಾಲಯದಲ್ಲಿ ಎದುರು ಬದುರು ಕೂರಬೇಕಾಗುತ್ತದೆ. ಇಬ್ಬರಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇರಬೇಕಾಗಿಲ್ಲ. ಬಾಡಿಗೆ ಕಾಗದದಲ್ಲಿ, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬ ಜಾಗದಲ್ಲಿ ನಾನು ಹೆಂಡತಿಯ ಹೆಸರು ಬರೆದಿದ್ದೆ. ಸಾಹೇಬರ ಪುಸ್ತಕದಲ್ಲಿ ಅಪ್ಪನ ಹೆಸರು ಇದ್ದ ಜಾಗ ಅದು.

ಮನೆಯ ವಿಮೆ, ಕಾರಿನ ವಿಮೆ, ಅದರ ಮೇಲೊಂದು ಕೊಡೆಯ ಹಾಗೆ ಮಾಡಿಸುವ ದೊಡ್ಡ ವಿಮೆ, ಇವು ಯಾವುದೂ ಇಲ್ಲಿ ಕೈ ಹಿಡಿಯುವುದು ಅಪರೂಪ. ವಿಮಾನದ ಹೊಣೆಯನ್ನು ಬಹುಮಟ್ಟಿಗೆ ಎಲ್ಲವೂ ಹೊರಗಿಡುತ್ತವೆ. ನಮ್ಮ ಊರಿನ ಕೇಳುಗರೂ ತಮ್ಮ ಎಲ್‌ಐಸಿ ಪಾಲಿಸಿಯ ಅಪಘಾತ ಪರಿಹಾರದ ಷರತ್ತನ್ನು ಒಮ್ಮೆ ಓದಿ ನೋಡಿ. ವಿಮಾನದಲ್ಲಿ ಪ್ರಯಾಣಿಕನಾಗಿ ಹೋಗುವುದಕ್ಕೆ ಅಡ್ಡಿ ಇಲ್ಲ. ಹಾರಿಸುವ ಕೆಲಸದಲ್ಲಿ ತೊಡಗಿದ್ದರೆ ಆ ಹೆಚ್ಚಿನ ಪರಿಹಾರ ಇಲ್ಲ ಎಂಬುದು ಅದರ ತಾತ್ಪರ್ಯ. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲೋ ಬೇರೆಲ್ಲೋ ಹಾರಾಟ ಕಲಿಯಲು ಹೊರಟಿರುವ ಹುಡುಗ ಹುಡುಗಿಯರ ತಂದೆ ತಾಯಿಗೆ ಇದು ಉಪಯೋಗಕ್ಕೆ ಬರುವ ಮಾತು.

ಮಾಲೀಕರ ಮೇಲೆ, ತಯಾರಕರ ಮೇಲೆ ಹೊಣೆ ಬರುವುದಿಲ್ಲವೇ? ಬರುತ್ತದೆ, ಜಾರಿಯೂ ಹೋಗುತ್ತದೆ. ದಾವೆಗಳ ಭಾರ ತಡೆಯಲಾರದೆ ಸೆಸ್ನಾ ಕಂಪನಿ 1986ರಲ್ಲಿ ಚಿಕ್ಕ ಪಿಸ್ಟನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. 1994ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ಚಿಕ್ಕ ವಿಮಾನ ಕಾರ್ಖಾನೆ ಬಿಟ್ಟು 18 ವರ್ಷ ಕಳೆದ ಮೇಲೆ, ಕೆಲವು ಅಪವಾದ ಬಿಟ್ಟರೆ, ತಯಾರಕರ ಮೇಲೆ ದಾವೆ ಇಲ್ಲ. ಅದರಿಂದ ಧೈರ್ಯ ಬಂದು ಕಂಪನಿ ಕ್ಯಾನ್ಸಸ್ಸಿನಲ್ಲಿ ಹೊಸ ಕಾರ್ಖಾನೆ ತೆರೆದು ಮತ್ತೆ ತಯಾರಿಕೆಗೆ ಇಳಿಯಿತು. ಇದು ಸಂತೋಷದ ಸುದ್ದಿಯೇ. ಆದರೆ ಬಾಡಿಗೆಗೆ ಸಿಗುವ ವಿಮಾನಗಳಲ್ಲಿ ಎಷ್ಟೋ 1970ರ ದಶಕದವು, ಬಾಡಿಗೆಗೆ ಪಡೆಯುವ ಹುಡುಗರಿಗಿಂತ ವಯಸ್ಸಿನಲ್ಲಿ ದೊಡ್ಡವು. ಅಂಥದ್ದು ಬಿದ್ದರೆ ತಯಾರಕರ ಬಾಗಿಲು ಮುಚ್ಚಿರುತ್ತದೆ. ವಕೀಲರು ಪಕ್ಕದ ಬಾಗಿಲು ತಟ್ಟುತ್ತಾರೆ: ಮೆಕ್ಯಾನಿಕ್, ಮಾಲೀಕ, ಪೈಲಟ್.

ಮಾಲೀಕನಿಗೂ ಒಂದು ರಕ್ಷಣೆ ಇದೆ. ವಿಮಾನವನ್ನು ಗುತ್ತಿಗೆಗೆ ಕೊಟ್ಟು ತನ್ನ ವಶದಲ್ಲಿ ಇಟ್ಟುಕೊಂಡಿರದ ಮಾಲೀಕ, ಅದರಿಂದಾಗುವ ಹಾನಿಗೆ ಹೊಣೆಯಲ್ಲ ಎನ್ನುವ ಫೆಡರಲ್ ಕಾನೂನು; 2018ರಲ್ಲಿ ತಿದ್ದುಪಡಿ ಆಗುವವರೆಗೆ ಅದರ ಮಾತು ನೆಲದ ಮೇಲಿನವರಿಗಾದ ಹಾನಿಗೆ ಮಾತ್ರ ಇತ್ತು. ಫ್ಲಾರಿಡಾ ರಾಜ್ಯಕ್ಕೆ ಮಾತ್ರ ತನ್ನದೇ ಒಂದು ಹಳೆಯ ಸಿದ್ಧಾಂತ ಇದೆ. ಅಪಾಯಕಾರಿ ಯಂತ್ರವನ್ನು ಇನ್ನೊಬ್ಬನ ಕೈಗೆ ಕೊಟ್ಟವನು ಅದರಿಂದಾಗುವ ಹಾನಿಗೂ ಬಾಧ್ಯ ಎಂದು 1920ರಲ್ಲಿ ಮೋಟಾರು ಕಾರಿನ ವಿಷಯದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತ್ತು. 2011ರಲ್ಲಿ ಅದೇ ನ್ಯಾಯಾಲಯದ ಮುಂದೆ ಗುತ್ತಿಗೆಗೆ ಕೊಟ್ಟ ಚಿಕ್ಕ ವಿಮಾನದ ಮೊಕದ್ದಮೆ ಬಂತು. ಸತ್ತವನು ವಿಮಾನದ ಒಳಗಿದ್ದ ಪ್ರಯಾಣಿಕ. ಆಗಿನ ಫೆಡರಲ್ ಕಾನೂನಿನ ರಕ್ಷಣೆ ನೆಲದ ಮೇಲಿನವರ ವಿಷಯಕ್ಕೆ ಮಾತ್ರ, ಒಳಗೆ ಕೂತವನ ವಿಷಯಕ್ಕೆ ಅದು ಅಡ್ಡ ಬರುವುದಿಲ್ಲ ಎಂದು ತೀರ್ಪಾಯಿತು. ಇಂಥ ತೀರ್ಪುಗಳಿಗೆ ಹೆದರಿಯೇ ಬಾಡಿಗೆಗೆ ಕೊಡುವವರ ಕಾಗದ ಆರು ಪುಟ ಆಗುವುದು. ಅವರನ್ನು ನಾನು ದೂರುವುದಿಲ್ಲ.

ಇನ್ನು ನಮ್ಮವರು ಜಾರಿ ಬೀಳುವ ಒಂದು ಜಾಗ ಇದೆ. ನಾಲ್ವರು ಸ್ನೇಹಿತರು ಸೇರಿ ಸಮುದ್ರದ ದಡದ ಊರಿಗೆ ಹಾರಿ, ತಿಂಡಿ ತಿಂದು ಬರುತ್ತಾರೆ. ಅಲ್ಲಿಯ ಪೈಲಟ್ಟುಗಳು ಇದಕ್ಕೆ ನೂರು ಡಾಲರಿನ ಹ್ಯಾಂಬರ್ಗರ್ ಎಂದು ತಮಾಷೆ ಮಾಡುತ್ತಾರೆ. ನೂರು ಡಾಲರ್ ಯಾವ ಕಾಲದ ಲೆಕ್ಕವೋ, ಈಗ ಸಾಲದು. ಖಾಸಗಿ ಲೈಸೆನ್ಸಿನ ಪೈಲಟ್ ಪೆಟ್ರೋಲ್, ಎಣ್ಣೆ, ನಿಲ್ದಾಣದ ಶುಲ್ಕ, ವಿಮಾನದ ಬಾಡಿಗೆ ಇಷ್ಟನ್ನು ಜೊತೆಯವರೊಂದಿಗೆ ಹಂಚಿಕೊಳ್ಳಬಹುದು. ಆದರೆ ತನ್ನ ಪಾಲನ್ನು ತಾನು ಕೊಡಲೇಬೇಕು. ನಾಲ್ವರಿದ್ದರೆ ಕಾಲು ಭಾಗಕ್ಕೆ ಕಡಿಮೆ ಇಲ್ಲ. ಇಲ್ಲಿ ನಮ್ಮ ಸಂಸ್ಕಾರ ಅಡ್ಡ ಬರುತ್ತದೆ. ಹೋಟೆಲಿನಲ್ಲಿ ಬಿಲ್ಲಿಗಾಗಿ ಕೈ ಕೈ ಮಿಲಾಯಿಸುವ ಜನ ನಾವು. "ಬಿಡಿ ಸಾರ್, ನೀವು ಹಾರಿಸಿದ್ದೇ ದೊಡ್ಡದು, ದುಡ್ಡು ನಾವು ಕೊಡ್ತೀವಿ" ಎಂದು ಮೂವರೂ ಸೇರಿ ಪೂರ್ತಿ ಬಾಡಿಗೆ ಕೊಟ್ಟರೆ ಅದು ಕಾನೂನಿನ ಕಣ್ಣಿಗೆ ಟ್ಯಾಕ್ಸಿ ಓಡಿಸಿದ ಹಾಗೆ. ಲೈಸೆನ್ಸಿಗೂ ಕುತ್ತು, ವಿಮೆಗೂ ಕುತ್ತು. ಬಾಡಿಗೆದಾರನ ಪಾಲಿಸಿ ದುಡ್ಡಿಗಾಗಿ ಹಾರಿಸುವುದನ್ನು ಹೊರಗಿಡುತ್ತದೆ. ಉಪಚಾರ ಮಾಡಲೇಬೇಕೆಂದಿದ್ದರೆ ತಿಂಡಿಯ ಬಿಲ್ಲು ಕೊಡಿ.

ಸರ್ಕಾರದ ನಿಯಮ ಒಂದು, ವಿಮೆಯ ನಿಯಮ ಇನ್ನೊಂದು ಎಂಬುದನ್ನೂ ಹೇಳಿಬಿಡುತ್ತೇನೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನದಲ್ಲಿ ಮೂರು ಸಲ ಹಾರಿಸಿ ಇಳಿಸಿರಬೇಕು, ಎರಡು ವರ್ಷಕ್ಕೊಮ್ಮೆ ಶಿಕ್ಷಕರ ಮುಂದೆ ಹಾರಿ ತೋರಿಸಬೇಕು ಎಂಬುದು ಸರ್ಕಾರದ್ದು. ಕ್ಲಬ್ಬಿನದು ಅದಕ್ಕಿಂತ ಬಿಗಿಯಾಗಿರಬಹುದು: ಇದೇ ಮಾದರಿಯ ವಿಮಾನದಲ್ಲಿ ಇಷ್ಟು ಗಂಟೆ, ಇಷ್ಟು ದಿನ ಹಾರದಿದ್ದರೆ ಮತ್ತೆ ಪರೀಕ್ಷೆ. ಅದರ ಹಿಂದೆ ವಿಮಾ ಕಂಪನಿಯ ಕೈ ಇರುತ್ತದೆ. ಮೆಡಿಕಲ್ ಸರ್ಟಿಫಿಕೇಟಿನ ಅವಧಿ ಮುಗಿದದ್ದನ್ನು ಮರೆತು ಹಾರಿದವರಿಗೆ, ರೆಕ್ಕೆ ಸರಿಯಾಗಿದ್ದರೂ ಕ್ಲೇಮು ಬಿದ್ದುಹೋಗಬಹುದು.

ಪ್ರವಾಸ ಮುಂದಕ್ಕೆ ಹೋದ ಆ ಎರಡು ವಾರದಲ್ಲಿ ನಾನು ಮಾಡಿದ್ದು ಕ್ಲಬ್ಬಿಗೆ ಒಂದು ಕಾಗದ ಬರೆದದ್ದು. ನಿಮ್ಮ ವಿಮೆಯ ಹೊಣೆಯ ಭಾಗದಲ್ಲಿ ನನ್ನ ಹೆಸರು ಬರುತ್ತದೆಯೇ, ನಷ್ಟದ ಮೊದಲ ಎಷ್ಟು ಡಾಲರನ್ನು ನಾನು ಕೈಯಿಂದ ಹಾಕಬೇಕು, ವಿಮಾನ ರಿಪೇರಿಯಲ್ಲಿ ನಿಂತಷ್ಟು ದಿನದ ಬಾಡಿಗೆ ಖೋತಾ ಯಾರದು, ನಿಮ್ಮ ವಿಮಾ ಕಂಪನಿ ನನ್ನ ಬೆನ್ನು ಹತ್ತುವುದಿಲ್ಲವೆಂದು ಬರೆದುಕೊಡುತ್ತದೆಯೇ ಎಂದು. ಮೂರಕ್ಕೆ ಉತ್ತರ ಬಂತು. ನಾಲ್ಕನೆಯದಕ್ಕೆ ಬರಲಿಲ್ಲ, ಅದೇ ಉತ್ತರ ಎಂದು ತಿಳಿದು ನಾನು ನನ್ನ ವಿಮೆ ಮಾಡಿಸಿದೆ. ಆಮೇಲೆ ಹೆಂಡತಿ ಬಂದಳು. ಗೋಲ್ಡನ್ ಗೇಟ್ ಸೇತುವೆಯ ಮೇಲೆ ಸುತ್ತು ಹಾಕುವಾಗ ಕಣ್ಣು ಮುಚ್ಚಿಕೊಂಡಿದ್ದಳು, ಅದು ಬೇರೆ ವಿಷಯ.

ಆ ವಿಮೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಹಾರಿ ಬಂದು, ಎಂಜಿನ್ ನಿಲ್ಲಿಸಿ, ವಿಮಾನವನ್ನು ಅದರ ಜಾಗಕ್ಕೆ ಹಿಂದೆ ಹಿಂದೆ ತಳ್ಳುತ್ತಿದ್ದೆ. ಒಬ್ಬನೇ ಇದ್ದೆ. ಬಾಲದ ಚುಕ್ಕಾಣಿ ಹಿಂದಿನ ಬೇಲಿ ಕಂಬಕ್ಕೆ ತಾಗಿ ಮಡಚಿತು. ರಿಪೇರಿಗೆ 4,300 ಡಾಲರ್. ಕ್ಲಬ್ಬಿನ ವಿಮೆಯಲ್ಲಿ ಮೊದಲ 5,000 ಬಾಡಿಗೆದಾರನದು, ಹಾಗಾಗಿ ಪೂರ್ತಿ ನನ್ನದೇ. ಅದನ್ನು ನನ್ನ ವಿಮಾ ಕಂಪನಿ ಕೊಟ್ಟಿತು.

ಈ ವರ್ಷದ ನವೀಕರಣದ ಫಾರಂ ನಾನು ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಬಂತು. ಕಳೆದ ಮೂರು ವರ್ಷದಲ್ಲಿ ಅಪಘಾತವೇನಾದರೂ ಆಗಿದೆಯೇ, ಆಗಿದ್ದರೆ ಆಗ ವಿಮಾನ ಎಷ್ಟು ವೇಗದಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂಬ ಪ್ರಶ್ನೆ ಇತ್ತು. ಆಗಿದೆ ಎಂದು ಬರೆದೆ. ಎತ್ತರ ಸೊನ್ನೆ. ವೇಗ, ನಾನು ತಳ್ಳುವಷ್ಟು.